ಮಾಸ್ತರರ ಎಡಗಾಲು

ನಮ್ಮ ಮಾಸ್ತರರ ಎಡಗಾಲಿಗೆ ಬೆರಳುಗಳಿರಲಿಲ್ಲ. ಐದರಲ್ಲಿ ಒಂದೂ ಇರಲಿಲ್ಲ. ಇದು ನನಗೆ ತಿಳಿದದ್ದು ಅವರು ತೀರಿಕೊಂಡ ಐದನೆಯ ದಿನ, ಬೆಟಗೇರಿಯ ಅವರ ಮನೆಯ ಒಳಕೋಣೆಯಲ್ಲಿ, ಅವರ ಹೆಂಡತಿ ಮಾತಿನ ನಡುವೆ ಸಹಜವಾಗಿ ಹೇಳಿದಾಗ. ಮೂರು ವರ್ಷ ಅವರ ಕೈಕೆಳಗೆ ಕುಂಗ್‌ಫು ಕಲಿತವಳು ನಾನು. ಆ ಮೂರು ವರ್ಷ ಅವರ ಕಾಲು ನೋಡುವುದೇ ನನ್ನ ಕೆಲಸವಾಗಿತ್ತು. ಕಾಲು ನೋಡಿಯೇ ಕಲಿತೆ, ಅದೇ ಕಾಲಿನ ಮೇಲೆ ಜಗಳ ತೆಗೆದೆ, ಹದಿನಾರು ವರ್ಷ ಮಾತು ಬಿಟ್ಟೆ. ಅಷ್ಟಾದರೂ ಆ ಬಿಳಿ ಕ್ಯಾನ್ವಾಸ್ ಬೂಟಿನೊಳಗೆ ಅರ್ಧ ಪಾದ ಮಾತ್ರ ಇದೆ ಎಂಬುದು ನನ್ನ ತಲೆಗೆ ಹೋಗಿರಲಿಲ್ಲ. 

ಅವರ ಹೆಸರು ಬರೆಯುವುದಿಲ್ಲ. ಇಡೀ ಬೆಟಗೇರಿ ಅವರನ್ನು ಮಾಸ್ತರ ಎಂದೇ ಕರೆಯುತ್ತಿತ್ತು, ಶಾಲೆಯ ಮುಖವನ್ನು ಅವರು ಸರಿಯಾಗಿ ನೋಡಿರದಿದ್ದರೂ. ಕಸುಬು ಗಾದಿ ಹೊಲಿಯುವುದು. ಹೆಗಲ ಮೇಲೆ ಹತ್ತಿಯ ಅರಳೆ ಹಿಂಜುವ ಕಮಾನು ಹೊತ್ತು, ಅದರ ತಂತಿ ಮಿಡಿಯುತ್ತ ಓಣಿಯಿಂದ ಓಣಿಗೆ ತಿರುಗುತ್ತಿದ್ದರು. ಗಂಟುಗಟ್ಟಿದ ಹಳೆಯ ಅರಳೆಯನ್ನು ಅಂಗಳದಲ್ಲಿ ಕುಳಿತು ಹಿಂಜಿ, ಮೂಗಿನ ತುಂಬ ಬಿಳಿ ಎಳೆ ಮೆತ್ತಿಸಿಕೊಂಡು, ಸಂಜೆಯೊಳಗೆ ಗಾದಿ ಮಡಚಿ ಕೊಟ್ಟು ಹೋಗುತ್ತಿದ್ದರು. ಗಾದಿ ಹೊಲಿಯುವ ಈ ಮನುಷ್ಯ ಬೆಳಿಗ್ಗೆ ಆರಕ್ಕೆ, ಮತ್ತೆ ಸಂಜೆ, ನೇಕಾರ ಓಣಿಯ ಹಿಂದೆ, ಬಣ್ಣದ ನೂಲು ಒಣಗಿಸುವ ಬಯಲಿನಲ್ಲಿ, ಹುಲಿ, ಹಾವು, ಕೊಕ್ಕರೆ, ಮಂಗ ಎಂದು ನಿಂತು ತೋರಿಸುತ್ತಿದ್ದರು. ಮುಂಬೈಯ ಬಂದರಿನ ಹತ್ತಿರ ಒಬ್ಬ ಚೀನೀ ಮುದುಕನಿಂದ ಕಲಿತದ್ದು ಎಂದಷ್ಟೇ ಹೇಳುತ್ತಿದ್ದರು. ಅದಕ್ಕಿಂತ ಹೆಚ್ಚು ಕೇಳಿದರೆ ಕಾಲಗಲಿಸಿ ಮೊಣಕಾಲು ಮಡಚುವ ಕುದುರೆ ನಿಲುವಿನಲ್ಲಿ ನಿಲ್ಲಿಸುತ್ತಿದ್ದರು. ತೊಡೆ ಪಡಪಡ ಎನ್ನುವವರೆಗೆ ಹಾಗೆ ನಿಂತವರು ಮುಂದೆ ಪ್ರಶ್ನೆ ಕೇಳುತ್ತಿರಲಿಲ್ಲ.

ಗದಗ ಇನ್ನೂ ಧಾರವಾಡ ಜಿಲ್ಲೆಯೊಳಗಿದ್ದ ಕೊನೆಯ ವರ್ಷ ನಾನು ಅಲ್ಲಿಗೆ ಸೇರಿದೆ. ಇಪ್ಪತ್ತೈದು ಹುಡುಗರ ನಡುವೆ ಒಬ್ಬಳೇ ಹುಡುಗಿ. ಅಪ್ಪ ಕುಣಿಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಮಗಳು ಗುದ್ದಾಡಲು ಕಲಿಯುತ್ತಾಳೆಂದರೆ ಯಾವ ಅಪ್ಪನಿಗೆ ಹಿಡಿಸೀತು. ಮಾಸ್ತರರು ಒಂದು ದಿನ ನಮ್ಮ ಮನೆಗೆ ಗಾದಿ ತಂದವರು, ಮಗ್ಗದ ಕುಣಿಯಲ್ಲಿ ಇಳಿಬಿಟ್ಟ ಅಪ್ಪನ ಕಾಲುಗಳನ್ನೇ ಬಹಳ ಹೊತ್ತು ನೋಡುತ್ತ ನಿಂತರು. ಒಂದು ಮೆಟ್ಟು ತುಳಿಯುವಾಗ ಇನ್ನೊಂದು ಕಾಲು ಎಷ್ಟು ಹಗುರ ಇರುತ್ತದೆ ನೋಡು, ನಿನ್ನ ಮಗಳಿಗೂ ಇದೇ ಕಾಲು ಬಂದಿದೆ, ಕಳಿಸು ಎಂದು ಅಪ್ಪನಿಗೆ ಹೇಳಿದರು. ಅಪ್ಪನ ಕಾಲನ್ನು ಅದಕ್ಕೆ ಮೊದಲು ಯಾರೂ ಹೊಗಳಿರಲಿಲ್ಲ. ಮರುದಿನವೇ ನನ್ನನ್ನು ಕಳಿಸಿದ.

ಅವರ ಪಾಠವೆಲ್ಲ ಕಾಲಿನದೇ. ಪಂಜ ಬೀಸುವ ಹುಲಿ, ಹೆಡೆ ಎತ್ತುವ ಹಾವು ಇವೆಲ್ಲ ಕೈಯ ಆಟ, ಆಮೇಲೆ ಬಂದರೂ ನಡೆದೀತು ಎನ್ನುತ್ತಿದ್ದರು. ಮೊದಲ ಆರು ತಿಂಗಳು ನಮ್ಮ ಕೈಗಳನ್ನು ಸೊಂಟಕ್ಕೆ ಕಟ್ಟಿಸಿದ್ದರು. ನಮ್ಮ ಹಿಂದೆ ಸದ್ದಿಲ್ಲದೆ ಬಂದು, ಬಲಗಾಲಿನಿಂದ ನಮ್ಮ ಮುಂಗಾಲಿನ ಹರಡನ್ನು ಮೆಲ್ಲಗೆ ಎಳೆಯುತ್ತಿದ್ದರು. ಭಾರ ಹಿಂಗಾಲಿನ ಮೇಲಿದ್ದವರು ನಿಲ್ಲುತ್ತಿದ್ದರು, ಮುಂಗಾಲಿಗೆ ಹಾಕಿಕೊಂಡವರು ಧೊಪ್ಪೆಂದು ಬೀಳುತ್ತಿದ್ದರು. ಬಿದ್ದವರನ್ನು ಅವರು ಬೈಯುತ್ತಿರಲಿಲ್ಲ. ಭಾರ ಎಲ್ಲಿತ್ತು ಎಂದು ಕೇಳುತ್ತಿದ್ದರು, ಬಿದ್ದವನೇ ಉತ್ತರ ಹೇಳಬೇಕಾಗಿತ್ತು.

"ಕೈ ನೋಡಬ್ಯಾಡ್ರಿ, ಕಾಲ ನೋಡ್ರಿ. ಹೊಡಿಯಾಕ ಕಲೀಬೇಕಂದ್ರ ಒಂದು ಬಡಿಗಿ ತಗೋರಿ, ಸಾಕು. ನಿಲ್ಲಾಕ ಕಲೀಬೇಕಂದ್ರ ಇಲ್ಲಿ ಬರ್ರಿ." ಹೊಸಬರು ಬಂದಾಗಲೆಲ್ಲ ಅವರ ಸ್ವಾಗತ ಭಾಷಣ ಇಷ್ಟೇ.

ಮಳೆ ಬಿದ್ದ ಮರುದಿನ ನಮ್ಮನ್ನು ಹೊಂಬಳದ ಕಡೆ ಕಪ್ಪು ಮಣ್ಣಿನ ಎರಿ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಉಳುವ ಟ್ರ್ಯಾಕ್ಟರಿನ ಹಿಂದೆ ಬೆಳ್ಳಕ್ಕಿಗಳು ಹುಳ ಆಯುತ್ತ ನಡೆಯುತ್ತವಲ್ಲ, ಅವುಗಳ ಹಿಂದೆ ನಾವು ನಡೆಯಬೇಕು. ಎರಿ ಮಣ್ಣು ಗೊತ್ತಿರುವವರಿಗೆ ಹೇಳಬೇಕಾಗಿಲ್ಲ. ನಾಲ್ಕು ಹೆಜ್ಜೆಗೆ ಒಂದೊಂದು ಕಾಲಿಗೆ ಸೇರುಗಟ್ಟಲೆ ಮೆತ್ತಿಕೊಳ್ಳುತ್ತದೆ. ಆ ಭಾರದ ಕಾಲನ್ನು ಮೊಣಕಾಲು ಎದೆಗೆ ತಾಗುವಷ್ಟು ಎತ್ತಿ, ಅಲುಗಾಡದೆ ನಿಂತು, ಮತ್ತೆ ನಿಧಾನ ಇಳಿಸಬೇಕು. ಅದು ಕೊಕ್ಕರೆ ನಡಿಗೆ. ಬೆಳ್ಳಕ್ಕಿಯ ಕಾಲಿಗೆ ಮಣ್ಣು ಯಾಕೆ ಮೆತ್ತುವುದಿಲ್ಲ ಎಂದು ಒಬ್ಬ ಕೇಳಿದ. ಅದು ನಿನ್ನ ಹಾಗೆ ನೆಲಕ್ಕೆ ಬೀಳುವುದಿಲ್ಲ, ನೆಲವನ್ನು ಮುಟ್ಟುತ್ತದೆ ಎಂದರು. ಮಾಸ್ತರರು ಮಾತ್ರ ಬದುವಿನ ಮೇಲೆಯೇ ನಿಂತಿರುತ್ತಿದ್ದರು, ಬೂಟು ಕೆಸರಾಗುತ್ತದೆ ಎಂಬ ನೆಪದಲ್ಲಿ. ನಾವು ನಂಬಿದೆವು. ಕೊಕ್ಕರೆಯನ್ನು ಅವರು ಬಲಗಾಲಿನ ಮೇಲೆ ನಿಂತು ಮಾತ್ರ ತೋರಿಸುತ್ತಿದ್ದರು ಎಂಬುದನ್ನೂ ನಾನು ಗಮನಿಸಿದ್ದೆ. ಎಡಗಾಲಿನದು ನೀವೇ ಹುಡುಕಿಕೊಳ್ಳಿರಿ ಎನ್ನುತ್ತಿದ್ದರು. ಅದನ್ನು ದೊಡ್ಡ ಗುಟ್ಟು ಎಂದುಕೊಂಡು ನಾವು ಸಂಜೆಯೆಲ್ಲ ಹುಡುಕುತ್ತಿದ್ದೆವು.

ಹುಲಿ ನಿಲುವೇ ಅವರ ಪಾಠದ ತಾಯಿಬೇರು. ಹಿಂಗಾಲು ಮಡಚಿ ಮೈಯ ಭಾರವನ್ನೆಲ್ಲ ಅದರ ಮೇಲೆ ಕೂರಿಸಬೇಕು, ಮುಂಗಾಲು ಖಾಲಿ ಇರಬೇಕು, ಯಾವ ಕ್ಷಣ ಬೇಕಾದರೂ ಎತ್ತುವಂತಿರಬೇಕು. ಗದಗ ಸೀಮೆಯಲ್ಲಿ ಹುಲಿ ಎಲ್ಲಿಂದ ತರಲಿ, ಬೆಕ್ಕು ನೋಡಿರಿ ಎಂದು ಹಂಚಿನ ಮೇಲಿನ ಬೆಕ್ಕುಗಳನ್ನು ತೋರಿಸುತ್ತಿದ್ದರು. ಆ ಖಾಲಿ ಮುಂಗಾಲನ್ನು, ಅವರಿಗೆ ಅದು ಯಾವಾಗಲೂ ಎಡಗಾಲೇ, ಮಾಸ್ತರರು ಹಿಮ್ಮಡಿಯ ಮೇಲೆ ಇಡುತ್ತಿದ್ದರು. ಹಿಮ್ಮಡಿ ನೆಲಕ್ಕೆ, ಬೂಟಿನ ಮೂತಿ ಮೇಲಕ್ಕೆ. ನಾವೂ ಹಾಗೆಯೇ ಇಟ್ಟೆವು. ಬೆಕ್ಕು ಬೆರಳ ಮೇಲೆ ನಡೆಯುತ್ತದೆ, ಅದರ ಹಿಮ್ಮಡಿ ನೆಲಕ್ಕೆ ತಾಗುವುದೇ ಇಲ್ಲ. ಅದು ದಿನಾ ನಮ್ಮ ಕಣ್ಣೆದುರೇ ನಡೆಯುತ್ತಿತ್ತು. ಮಾಸ್ತರರು ಎದುರಿಗಿರುವಾಗ ಬೆಕ್ಕಿನ ಮಾತು ಯಾರು ಕೇಳುತ್ತಾರೆ? ಎರಡು ವರ್ಷದೊಳಗೆ ಬೆಟಗೇರಿಯ ಅರ್ಧ ಹುಡುಗರು ಬಜಾರಿನಲ್ಲೂ ಹಿಮ್ಮಡಿ ಊರಿ, ಸ್ವಲ್ಪ ಎಡಕ್ಕೆ ತೂಗುತ್ತ ನಡೆಯತೊಡಗಿದ್ದರು. ಅದು ಹುಲಿ ನಡಿಗೆ ಎಂದು ನಮಗೆಲ್ಲ ಭಾರಿ ಗರ್ವ.

ಅಷ್ಟರಲ್ಲಿ ಗದಗ ಜಿಲ್ಲೆಯಾಗಿತ್ತು. ಹೊಸ ಜಿಲ್ಲೆ ಎಂದಮೇಲೆ ಎಲ್ಲಕ್ಕೂ ಒಂದು ಜಿಲ್ಲಾ ತಂಡ ಬೇಕು. ಕಬಡ್ಡಿಗೆ ಬೇಕು, ಖೊಖೊಗೆ ಬೇಕು, ಕುಂಗ್‌ಫುವಿಗೂ ಬೇಕು. ನನ್ನ ಮೂರನೆಯ ವರ್ಷ, ತಂಡ ಆರಿಸುವ ದಿನ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಿಂದ ಹುಡುಗ ಹುಡುಗಿಯರು ಗದಗಿಗೆ ಬಂದು ಸೇರಿದರು. ಹುಡುಗಿಯರಲ್ಲಿ ನನಗೆ ಸಾಟಿ ಯಾರೂ ಇಲ್ಲ ಎಂದು ನನಗೆ ಖಾತ್ರಿಯಿತ್ತು. ಜಿಲ್ಲೆಯಿಂದ ಆರಿಸಿಹೋದರೆ ಕಾಲೇಜಿನಲ್ಲಿ ಸೀಟು ಸಿಗುತ್ತದೆ, ಮಗ್ಗದ ಕುಣಿಗೆ ಇಳಿಯುವುದು ತಪ್ಪುತ್ತದೆ ಎಂಬ ಲೆಕ್ಕವೂ ಇತ್ತು. ಹುಲಿ ನಿಲುವಿಗೆ ಇಳಿದೆ. ಹೊರಗಿನಿಂದ ಬಂದ ಪರೀಕ್ಷಕ ನನ್ನ ಕಾಲನ್ನು ನೋಡಿದ, ಹತ್ತಿರ ಬಂದ, ಹಾಗೆಯೇ ನಿಂತಿರು ಎಂದು ಸನ್ನೆ ಮಾಡಿ ಉಳಿದವರನ್ನೆಲ್ಲ ಕರೆದ. ಈ ಹುಡುಗಿಯ ಕಾಲು ನೋಡಿರಿ, ಹೀಗೆ ಎಂದೂ ನಿಲ್ಲಬಾರದು ಎಂದ. ಮುಂಗಾಲು ಬೆರಳ ಬುಡದ ಮೇಲಿರಬೇಕು, ಹಿಮ್ಮಡಿ ಎತ್ತಿರಬೇಕು ಎಂದು ತಾನೇ ನಿಂತು ತೋರಿಸಿದ. ಯಾರೋ ನಕ್ಕರು. ಆಮೇಲೆ ಎಲ್ಲರೂ ನಕ್ಕರು. ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ.

ಅಲ್ಲಿಂದ ನೇರ ಬಯಲಿಗೆ ಹೋದೆ. ಸಂಜೆಯ ಹುಡುಗರು ಸೇರಿದ್ದರು, ಮಾಸ್ತರರು ನಡುವೆ ನಿಂತಿದ್ದರು. ಎಲ್ಲರೆದುರು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಮೂರು ವರ್ಷ ಸುಳ್ಳು ಕಲಿಸಿದಿರಿ ಎಂದೆ. ಚೀನೀ ಮುದುಕ ಎಂಬುವನೊಬ್ಬ ಇದ್ದದ್ದಾದರೂ ಖರೆಯೋ ಎಂದು ಕೇಳಿದೆ.  ಅವರ ಮುಖದಲ್ಲಿ ಅವಮಾನವಾದ ಲಕ್ಷಣವೇ ಇರಲಿಲ್ಲ, ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು. ಪರೀಕ್ಷಕ ಹೇಗೆ ನಿಂತ, ತೋರಿಸು ಎಂದರು. ನಿಂತು ತೋರಿಸಿದೆ. ಇನ್ನೊಮ್ಮೆ ಎಂದರು. ಮೂರನೆಯ ಸಲ ನೆಲಕ್ಕೆ ಕುಕ್ಕರಗಾಲಲ್ಲಿ ಕುಳಿತು, ನನ್ನ ಎತ್ತಿದ ಹಿಮ್ಮಡಿಯ ಸಮಕ್ಕೆ ಕಣ್ಣು ತಂದು ನೋಡಿದರು.

"ಚಲೋ ಐತವಾ. ನೀ ಹಂಗ ನಿಲ್ಲು," ಎಂದರು. "ನನಗ ಬರಂಗಿಲ್ಲ."

ಕಳ್ಳ ಸಿಕ್ಕಿಬಿದ್ದು ಒಪ್ಪಿಕೊಂಡ ಎಂದು ನಾನು ತಿಳಿದೆ. ಎಲ್ಲರೂ ಹಾಗೆಯೇ ತಿಳಿದರು. ಮರುದಿನದಿಂದ ನಾನು ಹೋಗಲಿಲ್ಲ. ನಾನೊಬ್ಬಳು ಬಿಟ್ಟಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಮನೆ ಮನೆಗೆ ಹೋಗಿ ಉಳಿದವರನ್ನೂ ಬಿಡಿಸಿದೆ. ಗದಗಿನಲ್ಲಿ ಹೊಸದಾಗಿ ಶುರುವಾಗಿದ್ದ ಇನ್ನೊಂದು ಕ್ಲಾಸಿಗೆ ಹತ್ತೊಂಬತ್ತು ಜನರನ್ನು ಕರೆದುಕೊಂಡು ಹೋದೆ, ಉಳಿದ ಆರು ಜನ ಕಲಿಯುವುದನ್ನೇ ಬಿಟ್ಟರು. ಬಯಲಿನಲ್ಲಿ ಮತ್ತೆ ನೂಲು ಮಾತ್ರ ಒಣಗಿತು.

ಮುಂದಿನ ವರ್ಷ ನಾನು ಆರಿಸಿಬಂದೆ. ಸೀಟು ಸಿಕ್ಕಿತು. ಮುಂಡರಗಿಯಲ್ಲಿ ದೈಹಿಕ ಶಿಕ್ಷಕಿಯಾದೆ. ಶಾಲೆಯ ಹುಡುಗಿಯರಿಗೆ ಹುಲಿ ನಿಲುವು ಕಲಿಸುವಾಗ, ಹಿಮ್ಮಡಿ ಊರಿದವರ ಕಾಲಿಗೆ ಅಳತೆಪಟ್ಟಿಯಿಂದ ತಟ್ಟುತ್ತಿದ್ದೆ. ನನ್ನನ್ನು ಒಬ್ಬ ಗಾದಿಯವ ಹಾಳು ಮಾಡಿದ್ದ, ನೀವು ಹಾಳಾಗಬೇಡಿರಿ ಎಂದು ಅವರಿಗೆ ಹೇಳುತ್ತಿದ್ದೆ. ನಗುತ್ತ ಹೇಳುತ್ತಿದ್ದೆ, ಅದು ಇನ್ನೂ ಕೆಟ್ಟದ್ದು.

ಈ ಹದಿನಾರು ವರ್ಷದಲ್ಲಿ ಒಮ್ಮೆ ಅವರನ್ನು ಕಂಡೆ. ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಗಾದಿಯ ಸುರುಳಿಯ ಪಕ್ಕ ನಿಂತಿದ್ದರು. ಗಡ್ಡ ಬೆಳ್ಳಗಾಗಿತ್ತು. ನಾನು ಮುಖ ತಿರುಗಿಸಿದೆ. ಓರೆಗಣ್ಣಿನಲ್ಲಿ ನೋಡಿದರೆ ಅವರು ನನ್ನ ಮುಖವನ್ನು ನೋಡುತ್ತಲೇ ಇರಲಿಲ್ಲ, ನನ್ನ ಕಾಲನ್ನು ನೋಡುತ್ತಿದ್ದರು. ಬಸ್ ಹತ್ತುವ ಗದ್ದಲದಲ್ಲಿ ನಾನು ಹೇಗೆ ನಿಂತಿದ್ದೆನೋ ಏನೋ, ಅವರಿಗೆ ಸಮಾಧಾನವಾದಂತೆ ತಲೆ ಆಡಿಸಿದರು. ನನ್ನನ್ನು ಇನ್ನೂ ಶಿಷ್ಯಳೆಂದುಕೊಂಡಿದ್ದಾನಲ್ಲ ಈ ಮನುಷ್ಯ ಎಂದು ಮುಂಡರಗಿ ಬರುವವರೆಗೂ ಕುದಿಯುತ್ತ ಕುಳಿತಿದ್ದೆ.

ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದವನು ಜೊತೆಗೆ ಕಲಿತವನೊಬ್ಬ, ಈಗ ಬೆಟಗೇರಿಯಲ್ಲಿ ಆಟೋ ಓಡಿಸುತ್ತಾನೆ. ಎದೆನೋವಂತೆ, ಆಸ್ಪತ್ರೆಗೆ ಒಯ್ಯುವಷ್ಟು ಹೊತ್ತೂ ಸಿಗಲಿಲ್ಲವಂತೆ. ಹೋಗುವುದೋ ಬೇಡವೋ ಎಂದು ನಾಲ್ಕು ದಿನ ಕಳೆದೆ. ಐದನೆಯ ದಿನ ಹಳೆಯ ಆರೇಳು ಜನ ಕೂಡಿ ಹೋದೆವು. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಇರುವ ಪದ್ಧತಿ ಮುಸಲ್ಮಾನರಾದ ಅವರಲ್ಲಿ. ಹೊರಗಿನ ಗಂಡಸರು ಆಕೆಯನ್ನು ನೋಡುವಂತಿಲ್ಲ. ಹುಡುಗರೆಲ್ಲ ಕಟ್ಟೆಯ ಮೇಲೆ ಕುಳಿತರು. ಶಿಷ್ಯರಲ್ಲಿ ಒಳಗೆ ಹೋಗಬಹುದಾದವಳು ನಾನೊಬ್ಬಳೇ, ಜಗಳ ತೆಗೆದವಳು.

ಮಾಸ್ತರರ ಹೆಂಡತಿಯನ್ನು ನಾವು ಚಾಚಿ ಎನ್ನುತ್ತಿದ್ದೆವು, ನಾನು ಹಿಂದೆ ಎರಡು ಮೂರು ಸಲ ಮಾತ್ರ ನೋಡಿದ್ದೆ. ಸಣ್ಣ ಮೈಯ ಹೆಂಗಸು, ಗಾದಿಗೆ ದಾರ ಹಾಕಿ ಹಾಕಿ ಬೆರಳ ತುದಿಗಳು ಗಟ್ಟಿಯಾಗಿದ್ದವು. ನನ್ನ ಗುರುತು ಹಿಡಿದು ಪಕ್ಕದಲ್ಲಿ ಕುಳ್ಳಿರಿಸಿಕೊಂಡರು. ಏನು ಮಾತಾಡಬೇಕೋ ತಿಳಿಯದೆ, ಮಾಸ್ತರರು ಮೊನ್ನೆ ಮೊನ್ನೆಯವರೆಗೂ ಕೆಲಸಕ್ಕೆ ಹೋಗುತ್ತಿದ್ದರೇ ಎಂದು ಕೇಳಿದೆ. ಎರಡು ತಿಂಗಳಿಂದ ಹೋಗಿರಲಿಲ್ಲ, ಕಾಲಿನ ಗಾಯ ಮತ್ತೆ ಎದ್ದಿತ್ತು, ಬೆರಳು ಕಡಿದ ಜಾಗವಲ್ಲವೇ, ತಂಡಿ ಹವೆಗೆ ಬಿರಿಯುತ್ತದೆ ಎಂದರು.

"ಯಾವ ಬೆರಳ್ರಿ ಚಾಚಿ?"

"ಎಡಗಾಲಿಂದು. ಐದೂ."

 ನನ್ನ ಮುಖ ನೋಡಿ ಆಕೆಗೂ ಗಾಬರಿಯಾಯಿತು. ನಿನಗೆ ಗೊತ್ತಿರಲಿಲ್ಲವೇ ಎಂದು ಎರಡೆರಡು ಸಲ ಕೇಳಿದರು. ಅವರ ಓಣಿಗೆಲ್ಲ ಗೊತ್ತಿದ್ದ ಸಂಗತಿಯಂತೆ ಅದು. ಮಸೀದಿಯಲ್ಲಿ ದಿನಾ ಕಾಲು ತೊಳೆಯುವುದನ್ನು ನೂರು ಜನ ನೋಡಿದ್ದರು. ನೇಕಾರ ಓಣಿಯ ನಮಗೆ ಮಾತ್ರ ತಿಳಿದಿಲ್ಲ ಎಂದು ಅವರಲ್ಲಿ ಯಾರಿಗೂ ಅನಿಸಿರಲಿಲ್ಲ, ನಮಗೆ ಯಾರೂ ಹೇಳಿರಲೂ ಇಲ್ಲ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಯಂತ್ರಕ್ಕೆ ಕಾಲು ಸಿಕ್ಕಿತ್ತು. ಆಮೇಲೆ ಮುಂಬೈಗೆ ಗಾದಿ ಕೆಲಸಕ್ಕೆ ಹೋದರು. ಅಲ್ಲಿ ಹಲ್ಲು ಕಟ್ಟುವ ಚೀನೀ ಮುದುಕನೊಬ್ಬನ ಮನೆಗೆ ಗಾದಿ ಹೊತ್ತುಕೊಂಡು ಹೋದವರು ಅವನ ಮೆಟ್ಟಿಲ ಮೇಲೆಯೇ ಬಿದ್ದರು. ಮುದುಕ ಎಬ್ಬಿಸಿದ, ಕಾಲು ನೋಡಿದ, ದಿನಾ ಬಾ, ನಿಲ್ಲುವುದು ಕಲಿಸುತ್ತೇನೆ ಎಂದ. ಹುಲಿ, ಹಾವು, ಕೊಕ್ಕರೆ ಎಲ್ಲವನ್ನೂ ಬೆರಳಿಲ್ಲದ ಒಂದು ಕಾಲಿಗೆ ಹೊಂದಿಸಿ ಕಲಿಸಿದ. ಇದು ನಿನ್ನ ಕಾಲಿಗೆ ಮಾತ್ರ, ಉಳಿದವರು ಬೇರೆ ರೀತಿ ನಿಲ್ಲುತ್ತಾರೆ ಎಂದು ಹೇಳಿದ್ದನಂತೆ. ಆ ಬೇರೆ ರೀತಿ ಯಾವುದು ಎಂದು ತೋರಿಸುವ ಮೊದಲೇ ಸತ್ತುಹೋಗಿದ್ದ.

ಹತ್ತು ಬೆರಳೂ ನೆಟ್ಟಗಿದ್ದ ನಾವು ಇಪ್ಪತ್ತಾರು ಜನ, ಮೂರು ವರ್ಷ, ಆ ಗಾಯವನ್ನು ಅಭ್ಯಾಸ ಮಾಡಿದ್ದೆವು.  ಯಾಕೆ ನಮಗೆ ಹೇಳಲಿಲ್ಲ ಎಂದು ಕೇಳಿದೆ.  ಕುಂಟ ಎಂದು ತಿಳಿದರೆ ಕನಿಕರದಿಂದ ನೋಡುತ್ತಾರೆ, ಕನಿಕರದ ಕಣ್ಣಿಗೆ ಕಾಲು ಕಾಣುವುದಿಲ್ಲ ಎನ್ನುತ್ತಿದ್ದರಂತೆ.

ಆಮೇಲೆ ನಾನು ಆ ಸಂಜೆಯ ಮಾತು ತೆಗೆದೆ. ಎಲ್ಲರೆದುರು ಅವರನ್ನು ಸುಳ್ಳ ಎಂದದ್ದು, ಹುಡುಗರನ್ನು ಬಿಡಿಸಿಕೊಂಡು ಹೋದದ್ದು ಎಲ್ಲ ಹೇಳಿದೆ. ತಪ್ಪಾಯಿತು ಎನ್ನಬೇಕೆಂದಿದ್ದೆ, ಬಾಯಿ ತೆರೆಯುವಷ್ಟರಲ್ಲಿ ಚಾಚಿಯೇ ಮಾತಾಡಿದರು.

"ಅವತ್ತ ಎಷ್ಟ ಖುಷಿ ಆಗಿದ್ರು ಅಂತಿ. ಒಳಗ ಬಂದವ್ರನ, ಮುದುಕ ತೋರಸದ ಬಿಟ್ಟದ್ದು ಇವತ್ತ ಸಿಕ್ತು ಅಂದ್ರು. ನಮ್ಮ ಹುಡುಗಿನ ಅದನ್ನ ತಂದ್ಲು ಅಂದ್ರು."

ಇದಕ್ಕಿಂತ ಅವರು ನನ್ನನ್ನು ಶಪಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಚಾಚಿ ನಿಲ್ಲಿಸಲಿಲ್ಲ. ಮರುದಿನ ಬಯಲಿಗೆ ಹೋಗಿ ಎಲ್ಲ ಹುಡುಗರಿಗೂ ಹೊಸ ನಿಲುವು ನನ್ನ ಕೈಯಿಂದಲೇ ಹೇಳಿಕೊಡಿಸಬೇಕು ಎಂದು ಲೆಕ್ಕ ಹಾಕಿದ್ದರಂತೆ. ಹೋದರು. ಒಂದು ವಾರ ಹೋದರು. ಯಾರೂ ಬರಲಿಲ್ಲ. ಎಂಟನೆಯ ದಿನ ಮನೆಯ ಈ ಕೋಣೆಯಲ್ಲೇ, ಬೆಳಗಿನ ನಮಾಜು ಮುಗಿಸಿ, ತಾವೇ ಆ ನಿಲುವಿಗೆ ನಿಲ್ಲಲು ಶುರು ಮಾಡಿದರು. ಬೂಟು ಬಿಚ್ಚಿ, ಬರಿಗಾಲಿನಲ್ಲಿ. ಬೆರಳಿಲ್ಲದ ಪಾದದ ತುದಿಯನ್ನು ನೆಲಕ್ಕೆ ಊರಿ, ಹಿಮ್ಮಡಿ ಎತ್ತಿ. ಮೊದಮೊದಲು ಗೋಡೆ ಹಿಡಿದರೂ ಬೀಳುತ್ತಿದ್ದರು. ಚರ್ಮ ಒಡೆದು ರಕ್ತ ಬರುತ್ತಿತ್ತು, ಎರಡು ದಿನ ಬಿಟ್ಟು ಮತ್ತೆ ಶುರು. ಹಿಮ್ಮಡಿಯ ಕೆಳಗೆ ಕೈಯಿಟ್ಟು ನೋಡು, ನಾಲ್ಕು ಬೆರಳು ಹಿಡಿಯಬೇಕು ಎಂದು ಚಾಚಿಯನ್ನು ಪಕ್ಕದಲ್ಲಿ ಕೂರಿಸುತ್ತಿದ್ದರು. ಹದಿನಾರು ವರ್ಷ. ಈ ಮಳೆಗಾಲದ ಮೊದಲು ಒಂದು ದಿನ ಗೋಡೆ ಬಿಟ್ಟು ಹತ್ತು ಎಣಿಸುವವರೆಗೆ ನಿಂತರಂತೆ.

"ಮುಂಡರಗಿಗೆ ಹೋಗಿ ಆಕಿಗೆ ತೋರಸ್ತೇನಿ ಅಂದ್ರು. ಗಾಯ ಮಾಯಲಿ ತಡಿರಿ ಅಂದೆ ನಾನು."

ನಾನು ಆಕೆಯ ಕೈ ಹಿಡಿದುಕೊಂಡೆ. ಹೊರಗೆ ಕಟ್ಟೆಯ ಮೇಲೆ ಹುಡುಗರು ಮಾತಾಡುವುದು ಕೇಳುತ್ತಿತ್ತು. ಚಾಚಿ ನನ್ನ ಕೈ ಬಿಡಿಸಿಕೊಂಡು ಎದ್ದರು. ಸೀರೆಯ ನಿರಿಗೆ ತುಸು ಮೇಲೆತ್ತಿ ಹಿಡಿದರು. ಬಲಗಾಲು ಹಿಂದಿಟ್ಟು ಮೊಣಕಾಲು ಮಡಚಿ, ನಿಧಾನವಾಗಿ ಮೈಯ ಭಾರವನ್ನು ಅದರ ಮೇಲೆ ಇಳಿಸಿದರು. ಎಡಗಾಲನ್ನು ಮುಂದೆ ತಂದು ಬೆರಳ ಬುಡವನ್ನು ಮಾತ್ರ ನೆಲಕ್ಕೆ ಮುಟ್ಟಿಸಿದರು. ಅರವತ್ತು ದಾಟಿದ ಆಕೆಯ ತೊಡೆ ಸಣ್ಣಗೆ ನಡುಗುತ್ತಿತ್ತು.

"ಹಿಂಗ ನಿಲ್ತಿದ್ರು. ನಾ ದಿನಾ ನೋಡೇನಿ," ಎಂದರು. "ಇದು ಸರಿ ಐತೇನು, ನೀ ಹೇಳಬೇಕು. ನಿನ್ನ ಬಿಟ್ಟು ಬ್ಯಾರೆ ಯಾರನ್ನೂ ಕೇಳಬ್ಯಾಡ ಅಂದಾರ."

ನಾನು ನೆಲಕ್ಕೆ ಕುಳಿತು ಆಕೆಯ ಹಿಮ್ಮಡಿಯ ಕೆಳಗೆ ಕೈ ತೂರಿಸಿದೆ. ನಾಲ್ಕು ಬೆರಳು ಸರಿಯಾಗಿ ಹಿಡಿದವು.  ನಾನು ಸರಿ ಎನ್ನುವವರೆಗೂ ಚಾಚಿ ಹಿಮ್ಮಡಿ ಕೆಳಗಿಡಲಿಲ್ಲ.